ಉಪಗ್ರಹದ ಛತ್ರಿಯಿಂದ ಕೈಯ ಫೋನಿಗೆ: ನಮ್ಮ ಜಿಲ್ಲೆಯ 50 ವರ್ಷ

ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ. ಡಿಶ್ ರೀಚಾರ್ಜ್ ಮುಗಿದಾಗ ಮತ್ತೆ ಹಾಕಿಸದೆ ಬಿಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಸುದ್ದಿ, ಕ್ರಿಕೆಟ್, ರಮಝಾನಿನ ರಾತ್ರಿಗಳಲ್ಲಿ ಮಕ್ಕಾದ ತರಾವೀಹ್, ಹೈದರಾಬಾದಿನ ಆಲಿಮರ ಬಯಾನ್, ನೆಂಟರ ಮನೆಯ ನಿಕಾಹ್ ಎಲ್ಲವೂ ಈಗ ಫೋನಿನಲ್ಲೇ ಲೈವ್ ಬರುತ್ತವೆ. ಕಲಬುರಗಿ ನಗರದ ಮಸೀದಿಯೊಂದರ ಜುಮಾ ಬಯಾನನ್ನು ಕಮಲಾಪುರದ ಮನೆಯಲ್ಲಿ ಕುಳಿತು ಕೇಳಬಹುದು. ಜಿದ್ದಾದಲ್ಲಿ ದುಡಿಯುವ ಮಗನೂ ಅದೇ ಹೊತ್ತಿಗೆ ಅದನ್ನೇ ಕೇಳಬಹುದು.

ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಮನೆಗಳಲ್ಲೂ ಮಸೀದಿ ಕಮಿಟಿಗಳಲ್ಲೂ ನಡೆಯುತ್ತಿದೆ. ಆ ಚರ್ಚೆಗೆ ಇಳಿಯುವ ಮೊದಲು ನಮ್ಮದೇ ಜಿಲ್ಲೆಯ ಇತಿಹಾಸವನ್ನು ಒಮ್ಮೆ ತಿರುಗಿ ನೋಡುವುದು ಒಳ್ಳೆಯದು. ಆಕಾಶದ ಉಪಗ್ರಹದಿಂದ ನೇರವಾಗಿ ಟಿವಿ ಚಿತ್ರ ಪಡೆದ ಮೊದಲ ಹಳ್ಳಿಗಳಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳೂ ಇದ್ದವು. ಈ ಸಂಗತಿ ನಮ್ಮ ಮಕ್ಕಳಿಗೆ ಗೊತ್ತಿಲ್ಲ, ದೊಡ್ಡವರಲ್ಲೂ ಹಲವರು ಮರೆತಿದ್ದಾರೆ.

1975: ಬಲೆಯ ಛತ್ರಿ

1969ರಲ್ಲಿ ಭಾರತ ಮತ್ತು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ನಡುವೆ ಒಂದು ಒಪ್ಪಂದವಾಯಿತು. ಅದರ ಹಿಂದೆ ಇದ್ದವರು ವಿಜ್ಞಾನಿ ವಿಕ್ರಮ್ ಸಾರಾಭಾಯಿ. ಪಟ್ಟಣಗಳಲ್ಲಿ ಗೋಪುರ ಕಟ್ಟುತ್ತಾ ಹೋದರೆ ಹಳ್ಳಿಗೆ ಟಿವಿ ಮುಟ್ಟುವುದಕ್ಕೆ ದಶಕಗಳೇ ಬೇಕು, ಉಪಗ್ರಹದಿಂದಾದರೆ ಮೊದಲು ಹಳ್ಳಿಗೇ ಮುಟ್ಟಿಸಬಹುದು ಎಂಬುದು ಅವರ ವಿಚಾರವಾಗಿತ್ತು. 1971ರ ಡಿಸೆಂಬರ್‌ನಲ್ಲಿ ಸಾರಾಭಾಯಿ ತೀರಿಕೊಂಡರು. ಆದರೆ ಕೆಲಸ ನಿಲ್ಲಲಿಲ್ಲ.

ನಾಸಾ ತನ್ನ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕೊಟ್ಟಿತು. ಅದನ್ನು ಆಫ್ರಿಕಾದ ಪೂರ್ವ ಭಾಗದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಲ್ಲಿಸಲಾಯಿತು. ಅಹಮದಾಬಾದಿನ ಭೂಕೇಂದ್ರದಿಂದ ಕಾರ್ಯಕ್ರಮಗಳು ಮೇಲಕ್ಕೆ ಹೋಗುತ್ತಿದ್ದವು, ಅಲ್ಲಿಂದ ಹಳ್ಳಿಗಳಿಗೆ ಇಳಿಯುತ್ತಿದ್ದವು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಈ ಪ್ರಯೋಗ ನಡೆಯಿತು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದಕ್ಕೆ ‘ಸೈಟ್’ ಎಂಬ ಹೆಸರು ಬಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಇದಕ್ಕೆ ಆಯ್ಕೆಯಾದವು. ಕರ್ನಾಟಕದಿಂದ ಆರಿಸಿದ್ದು ಮೂರು ಜಿಲ್ಲೆಗಳನ್ನು: ಗುಲ್ಬರ್ಗ, ರಾಯಚೂರು, ಬಿಜಾಪುರ. ಹಿಂದುಳಿದ ಪ್ರದೇಶ ಎಂಬ ಕಾರಣಕ್ಕೇ ಇವುಗಳಿಗೆ ಈ ಅವಕಾಶ ಬಂತು.

ಬೆಂಗಳೂರಿನಲ್ಲಿ ಆಗಿನ್ನೂ ದೂರದರ್ಶನ ಇರಲಿಲ್ಲ. ಅಲ್ಲಿ ಅದು ಶುರುವಾದದ್ದು 1981ರಲ್ಲಿ. ಅಂದರೆ ರಾಜಧಾನಿಯವರಿಗಿಂತ ಆರು ವರ್ಷ ಮೊದಲೇ ಗುಲ್ಬರ್ಗದ ಹಳ್ಳಿಗರು ಟಿವಿ ನೋಡಿದ್ದರು.

ಹಳ್ಳಿಯ ಶಾಲೆ ಅಥವಾ ಪಂಚಾಯತಿಯಂಥ ಸಾರ್ವಜನಿಕ ಜಾಗದಲ್ಲಿ ಒಂದು ಕಪ್ಪು-ಬಿಳುಪು ಟಿವಿ ಇಡುತ್ತಿದ್ದರು. ಹೊರಗೆ ಸುಮಾರು 10 ಅಡಿ ಅಗಲದ ಛತ್ರಿ ಇರುತ್ತಿತ್ತು. ಅದನ್ನು ಕೋಳಿ ಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ್ದರು. ಬಲೆಯಾದ್ದರಿಂದ ಗಾಳಿಗೆ ತಡೆಯಾಗುತ್ತಿರಲಿಲ್ಲ, ಬೆಲೆಯೂ ಕಡಿಮೆ. ಉಪಗ್ರಹ ಆಫ್ರಿಕಾದ ಮೇಲಿದ್ದುದರಿಂದ ನಮ್ಮ ಹಳ್ಳಿಗಳ ಆ ಛತ್ರಿಗಳು ಪಶ್ಚಿಮದ ಕಡೆಗೆ ಮುಖ ಮಾಡಿ ನಿಂತಿದ್ದವು.

ದಿನಕ್ಕೆ ಒಟ್ಟು ನಾಲ್ಕು ಗಂಟೆಯ ಪ್ರಸಾರ. ಬೆಳಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಈ ಸಮಯವನ್ನು ಬೇರೆ ಬೇರೆ ಭಾಷೆಯ ಪ್ರದೇಶಗಳು ಹಂಚಿಕೊಳ್ಳುತ್ತಿದ್ದವು. ಬೇಸಾಯ, ಆರೋಗ್ಯ, ಶುಚಿತ್ವ, ವಿಜ್ಞಾನ, ಸುದ್ದಿ ಇವೇ ವಿಷಯಗಳು. ನಮ್ಮ ಹಳ್ಳಿಗಳಿಗೆ ಬೇಕಾದ ಕನ್ನಡ ಕಾರ್ಯಕ್ರಮಗಳು ಹೈದರಾಬಾದಿನಲ್ಲಿ ತಯಾರಾಗುತ್ತಿದ್ದವು. ನಮ್ಮ ಹಿರಿಯರಿಗೆ ಹೈದರಾಬಾದಿನ ಧ್ವನಿ ಹೊಸದಲ್ಲ. ನಿಜಾಮರ ಕಾಲದ ರೇಡಿಯೋ ಅಲ್ಲಿಂದಲೇ ಕೇಳಿಬರುತ್ತಿತ್ತು. 1966ರಲ್ಲಿ ಗುಲ್ಬರ್ಗದಲ್ಲೇ ಆಕಾಶವಾಣಿ ಬಂದ ಮೇಲೂ ಆ ನಂಟು ಉಳಿದಿತ್ತು.

ಆ ವರ್ಷದ ಮುಖ್ಯ ಸಂಗತಿ ಛತ್ರಿಯಲ್ಲ, ಅದರ ಮುಂದೆ ಕುಳಿತ ಜನ. ಊರಿಗೆಲ್ಲ ಒಂದೇ ಪರದೆ. ಮಕ್ಕಳು ಮುಂದೆ, ಹಿರಿಯರು ಹಿಂದೆ ಕುಳಿತು ಎಲ್ಲರೂ ಒಂದೇ ಹೊತ್ತಿಗೆ ಒಂದೇ ಮಾತು ಕೇಳಿದರು. ಕೇಳಿದ್ದು ಅರ್ಥವಾಗದಿದ್ದರೆ ವಿಚಾರಿಸಲು ಪಕ್ಕದಲ್ಲೇ ಒಬ್ಬರು ಇರುತ್ತಿದ್ದರು. ತಪ್ಪು ಅನಿಸಿದರೆ ಅಲ್ಲಿಯೇ ವಾದವಾಗುತ್ತಿತ್ತು.

1976: ಕತ್ತಲಾದ ಪರದೆ

1976ರ ಜುಲೈ 31ಕ್ಕೆ ವರ್ಷ ತುಂಬಿತು. ಉಪಗ್ರಹ ನಮ್ಮದಾಗಿರಲಿಲ್ಲ, ನಾಸಾ ಅದನ್ನು ಬೇರೆ ಕೆಲಸಕ್ಕೆ ಬೇರೆ ಕಡೆಗೆ ಸರಿಸಿತು. ಹಳ್ಳಿಗಳಲ್ಲಿ ಛತ್ರಿ ಇತ್ತು, ಟಿವಿ ಇತ್ತು, ನೋಡಲು ಬರುವ ಜನರೂ ಇದ್ದರು. ಮೇಲಿನಿಂದ ಬರುವುದು ಮಾತ್ರ ನಿಂತುಹೋಯಿತು.

ಈ ಖಾಲಿತನ ತುಂಬಲು ಸರಕಾರ ಆರು ಕಡೆ ಗೋಪುರ ಕಟ್ಟಿ ಪ್ರಸಾರ ಮುಂದುವರಿಸಲು ನಿರ್ಧರಿಸಿತು. ಅವುಗಳಲ್ಲಿ ಗುಲ್ಬರ್ಗವೂ ಒಂದು. 1977ರಲ್ಲಿ ನಮ್ಮ ನಗರದ ದೂರದರ್ಶನ ಕೇಂದ್ರ ಆರಂಭವಾಯಿತು. ಕರ್ನಾಟಕದ ನೆಲದ ಮೇಲೆ ನಿಂತ ಮೊದಲ ಟಿವಿ ಕೇಂದ್ರ ಅದು. ಆದರೆ ಗೋಪುರದ ಅಲೆ ಹೋಗುವ ದೂರಕ್ಕೆ ಮಿತಿಯಿದೆ. ಸೈಟ್ ಹಳ್ಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಆರು ಗೋಪುರಗಳ ಅಳತೆಯ ಹೊರಗೇ ಉಳಿದವು.

ಇಲ್ಲಿ ಒಂದು ಪಾಠವಿದೆ. ಬೇರೆಯವರ ಕೈಯಲ್ಲಿರುವ ದಾರಿಯಿಂದ ನಮಗೆ ಬರುವ ವಸ್ತು ಎಷ್ಟೇ ಒಳ್ಳೆಯದಿದ್ದರೂ ಅವರು ಬೇಕೆಂದಾಗ ಆ ದಾರಿ ಮುಚ್ಚುತ್ತದೆ. ಮುಂದೆ ಲೈವ್ ಬಗ್ಗೆ ಮಾತಾಡುವಾಗ ಈ ಮಾತು ನೆನಪಿರಲಿ.

ಊರಿನ ಪರದೆಯಿಂದ ಮನೆಯ ಪರದೆಗೆ

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂತು. 1983ರಲ್ಲಿ ಹಾರಿಸಿದ ಇನ್ಸಾಟ್-1ಬಿ ಯಶಸ್ವಿಯಾದ ಮೇಲೆ ಭಾರತಕ್ಕೆ ತನ್ನದೇ ಉಪಗ್ರಹದ ಮೂಲಕ ಟಿವಿ ಪ್ರಸಾರ ಸಾಧ್ಯವಾಯಿತು. ಊರಿನ ಟಿವಿ ನಿಧಾನವಾಗಿ ಓಣಿಯ ಟಿವಿಯಾಯಿತು, ಆಮೇಲೆ ಮನೆಯ ಟಿವಿಯಾಯಿತು. ನಮ್ಮ ಸಮುದಾಯದಲ್ಲಿ ಆಗ ಟಿವಿ ಮನೆಗೆ ತರಬೇಕೋ ಬೇಡವೋ ಎಂಬ ವಾದ ಜೋರಾಗಿಯೇ ಇತ್ತು. ತಂದವರೂ ಇದ್ದರು, ದೂರ ಇಟ್ಟವರೂ ಇದ್ದರು. ಇಬ್ಬರೂ ತಮ್ಮ ಮಕ್ಕಳ ಒಳಿತನ್ನೇ ಯೋಚಿಸಿದ್ದರು.

1991ರಲ್ಲಿ ಸ್ಟಾರ್ ಟಿವಿ, 1992ರಲ್ಲಿ ಝೀ, 1994ರಲ್ಲಿ ಕನ್ನಡದ ಉದಯ ಟಿವಿ ಬಂದವು. ಕೇಬಲ್‌ನವರು ತಮ್ಮ ಮಾಳಿಗೆಯ ಮೇಲೆ ದೊಡ್ಡ ಛತ್ರಿ ಇಟ್ಟು ಓಣಿ ಓಣಿಗೆ ವೈರ್ ಎಳೆದರು. 2001ರಲ್ಲಿ ಹೈದರಾಬಾದಿನಿಂದ ಈಟಿವಿ ಉರ್ದು ಶುರುವಾದಾಗ ನಮ್ಮ ಮನೆಯ ಮಾತಿಗೆ ಹತ್ತಿರದ ಚಾನೆಲ್ ಒಂದು ಸಿಕ್ಕಂತಾಯಿತು. 2006ರಲ್ಲಿ ಡಿಡಿ ಉರ್ದು ಬಂತು. ಅದಕ್ಕೂ ಮುಂಚೆ, 2004ರ ಕೊನೆಯಲ್ಲಿ ದೂರದರ್ಶನ ತಿಂಗಳ ಬಾಡಿಗೆ ಇಲ್ಲದ ಡಿಶ್ ಸೇವೆ ಕೊಟ್ಟಿತ್ತು. ಕೇಬಲ್ ಮುಟ್ಟದ ಹಳ್ಳಿಗಳಿಗೆ, ತೋಟದ ಮನೆಗಳಿಗೆ ಇಂಥ ಡಿಶ್ ಬಲು ಅನುಕೂಲವಾಯಿತು. ಕಮಲಾಪುರದ ಸುತ್ತಲಿನ ಕೆಂಪು ಬಾಳೆಯ ಸೀಮೆಯಲ್ಲೂ ಈ ಸಣ್ಣ ಛತ್ರಿಗಳು ಮಾಳಿಗೆಗಳ ಮೇಲೆ ಕಾಣತೊಡಗಿದವು. ಜೋರು ಮಳೆ ಬಂದರೆ ಚಿತ್ರ ಹೋಗುತ್ತಿತ್ತು, ಮಳೆ ನಿಂತರೆ ಮರಳುತ್ತಿತ್ತು. ಈ ಹೊಸ ಉಪಗ್ರಹಗಳು ನಮಗೆ ಆಗ್ನೇಯದ ಕಡೆ ಇದ್ದುದರಿಂದ, 1975ರಲ್ಲಿ ಪಶ್ಚಿಮ ನೋಡುತ್ತಿದ್ದ ಛತ್ರಿ ಈಗ ದಿಕ್ಕು ಬದಲಿಸಿತ್ತು.

ಊರು ಒಂದಾಗಿ ಕುಳಿತ ಕಾಲ ಹೋಯಿತು ನಿಜ. ಆದರೂ ಮನೆಯವರು ಒಂದಾಗಿ ಕುಳಿತರು. ರಿಮೋಟ್ ಯಾರ ಕೈಯಲ್ಲಿರಬೇಕು ಎಂಬ ಜಗಳ ಇತ್ತು. ಆ ಜಗಳದಲ್ಲೂ ಒಂದು ಒಳಿತಿತ್ತು. ಏನು ನೋಡಬೇಕು ಎಂಬುದನ್ನು ಅಬ್ಬಾ, ಅಮ್ಮಿ, ಮಕ್ಕಳು ಒಟ್ಟಿಗೆ ತೀರ್ಮಾನಿಸಬೇಕಾಗಿತ್ತು. ನಾಚಿಕೆಗೇಡಿನದು ಬಂದರೆ ಯಾರೋ ಒಬ್ಬರು ಚಾನೆಲ್ ಬದಲಿಸುತ್ತಿದ್ದರು.

2016ರಿಂದ 2020: ಪರದೆ ಕೈಗೆ ಬಂತು

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಮೊಬೈಲ್ ಡೇಟಾ ಅಗ್ಗವಾಯಿತು. 2019ರ ಫೆಬ್ರವರಿಯಿಂದ ಟಿವಿ ಚಾನೆಲ್‌ಗಳನ್ನು ಆರಿಸಿ ಹಣ ಕಟ್ಟುವ ಹೊಸ ನಿಯಮ ಜಾರಿಗೆ ಬಂತು. ಅದರ ಲೆಕ್ಕ ಅರ್ಥವಾಗದೆ, ಬಿಲ್ಲು ಹೆಚ್ಚಾಯಿತೆಂದು ಬೇಸತ್ತು ಕೇಬಲ್, ಡಿಶ್ ಬಿಟ್ಟವರು ಅನೇಕರು. ಹೇಗೂ ಫೋನಿಗೆ ಹಣ ಹಾಕುತ್ತಿದ್ದೇವೆ, ಟಿವಿಗೂ ಬೇರೆ ಏಕೆ ಎಂಬುದು ಮನೆಯ ಖರ್ಚು ನೋಡುವವರ ನ್ಯಾಯವಾದ ಪ್ರಶ್ನೆ.

ಆಮೇಲೆ 2020ರ ಮಾರ್ಚ್. ದೇಶದಲ್ಲಿ ಕೋವಿಡ್‌ನಿಂದ ದಾಖಲಾದ ಮೊದಲ ಸಾವು ನಮ್ಮ ಕಲಬುರಗಿಯದ್ದು. ಸೌದಿಯಿಂದ ಮರಳಿದ್ದ 76 ವರ್ಷದ ಹಿರಿಯರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಅಲ್ಲಾಹನು ಅವರಿಗೆ ಮಗ್‌ಫಿರತ್ ನೀಡಲಿ. ದೇಶದ ಕಣ್ಣೆಲ್ಲ ನಮ್ಮ ನಗರದ ಮೇಲೆ ಬಿತ್ತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಆ ವರ್ಷದ ರಮಝಾನ್ ಪೂರ್ತಿ ಮಸೀದಿಗಳಿಗೆ ಜಮಾಅತ್ ಇಲ್ಲ, ಈದ್ ನಮಾಜ್ ಮನೆಯಲ್ಲೇ. ಹಜ್‌ಗೆ ಹೊರಡಬೇಕಿದ್ದವರು ಗಂಟು ಬಿಚ್ಚಿಟ್ಟರು. 2020 ಮತ್ತು 2021, ಎರಡೂ ವರ್ಷ ಭಾರತದಿಂದ ಹಾಜಿಗಳು ಹೋಗಲಾಗಲಿಲ್ಲ. ಖಾಲಿಯಾದ ಮತಾಫ್‌ನಲ್ಲಿ ಬೆರಳೆಣಿಕೆಯ ಜನ ತವಾಫ್ ಮಾಡುವುದನ್ನು ನಾವು ಫೋನಿನಲ್ಲಿ ನೋಡಿ ಕಣ್ಣೀರು ಹಾಕಿದೆವು. ಅರಫಾತ್‌ನ ಖುತ್ಬಾ ಉರ್ದು ಸೇರಿದಂತೆ ಹಲವು ಭಾಷೆಗಳಲ್ಲಿ ಅದೇ ಹೊತ್ತಿಗೆ ಕೇಳಿತು.

ಆ ತಿಂಗಳುಗಳಲ್ಲಿ ಲೈವ್ ನಮ್ಮ ಕೈ ಹಿಡಿಯಿತು. ಇದನ್ನು ಒಪ್ಪಿಕೊಳ್ಳದಿದ್ದರೆ ಅದು ಕೃತಘ್ನತೆ. ಮಸೀದಿ ಮುಚ್ಚಿದ್ದರೂ ದೀನಿನ ಮಾತು ಮನೆಗೆ ಬಂತು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಜುಮಾ ಬಯಾನನ್ನು ಮೊದಲ ಬಾರಿಗೆ ಪೂರ್ತಿಯಾಗಿ ಕೇಳಿದ್ದು ಆಗಲೇ.

2021ರ ಅಕ್ಟೋಬರ್‌ನಲ್ಲಿ ದೂರದರ್ಶನ ತನ್ನ ಹಳೆಯ ಗೋಪುರ ಪ್ರಸಾರಗಳನ್ನು ನಿಲ್ಲಿಸುತ್ತಿದ್ದಾಗ ಕಲಬುರಗಿ ಕೇಂದ್ರ ಮುಚ್ಚಿಯೇ ಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ಕೇಂದ್ರ ಮುಚ್ಚುವುದಿಲ್ಲ, ಅಲ್ಲಿ ತಯಾರಾದ ಕಾರ್ಯಕ್ರಮಗಳು ಉಪಗ್ರಹ ಚಾನೆಲ್‌ಗೆ ಹೋಗುತ್ತವೆ, ಯೂಟ್ಯೂಬ್‌ನಲ್ಲೂ ಇರುತ್ತವೆ ಎಂದು ಪ್ರಸಾರ ಭಾರತಿ ತಿಳಿಸಿತು. 1977ರ ಗೋಪುರದ ಕಥೆ ಹೀಗೆ ಫೋನಿಗೆ ಬಂದು ಸೇರಿತು.

ಬದಲಾದದ್ದು ಏನು?

ಯಂತ್ರ ಬದಲಾಗುವುದು ಹೊಸದಲ್ಲ. ನಾವು ಗಮನಿಸಬೇಕಾದ ಬದಲಾವಣೆಗಳು ಮೂರು.

ಮೊದಲನೆಯದು, ಕಳಿಸುವ ರೀತಿ. ಉಪಗ್ರಹ ಒಂದೇ ಸಲ ಚೆಲ್ಲುತ್ತದೆ. ಅದು ಮಳೆಯಿದ್ದಂತೆ, ಹಿಡಿದವರಿಗೆ ಸಿಗುತ್ತದೆ. ಯಾರು ಹಿಡಿದರು ಎಂದು ಛತ್ರಿ ತಿರುಗಿ ಹೇಳುವುದಿಲ್ಲ. ಲೈವ್ ಹಾಗಲ್ಲ. ಅದು ಸಮುದ್ರದಡಿಯ ಕೇಬಲ್, ನೆಲದಡಿಯ ಫೈಬರ್, ಮೊಬೈಲ್ ಟವರ್ ದಾಟಿ ಪ್ರತಿಯೊಬ್ಬನ ಫೋನಿಗೂ ಬೇರೆ ಬೇರೆಯಾಗಿ ಬರುತ್ತದೆ. ಯಾರು ಎಷ್ಟು ಹೊತ್ತು ನೋಡಿದರು, ಎಲ್ಲಿ ಬಿಟ್ಟುಹೋದರು ಎಂಬುದು ಕಂಪನಿಯ ಲೆಕ್ಕದಲ್ಲಿ ಇರುತ್ತದೆ. ಆ ಲೆಕ್ಕದ ಮೇಲೆ ಮುಂದಿನ ವಿಡಿಯೋ ತಾನಾಗಿ ಬರುತ್ತದೆ. ಬಯಾನ್ ಮುಗಿದ ಕೂಡಲೇ ಮಗುವಿನ ಕಣ್ಣ ಮುಂದೆ ಏನು ಬರಬೇಕು ಎಂಬುದನ್ನು ಈಗ ಮನೆಯವರು ತೀರ್ಮಾನಿಸುತ್ತಿಲ್ಲ.

ಎರಡನೆಯದು, ಕೂರುವ ರೀತಿ. ಊರಿಗೊಂದು ಪರದೆ ಇತ್ತು, ಮನೆಗೊಂದು ಆಯಿತು, ಈಗ ಕೈಗೊಂದು. ಒಂದೇ ಕೋಣೆಯಲ್ಲಿ ನಾಲ್ವರು ನಾಲ್ಕು ಬಯಾನ್ ಕೇಳುತ್ತಾರೆ. ಒಬ್ಬರು ಕೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಬಯಾನಿನ ನಡುವಿನಿಂದ ಕತ್ತರಿಸಿದ ಅರ್ಧ ನಿಮಿಷದ ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಹಿಂದಿನ ಮಾತು ಮುಂದಿನ ಮಾತು ಇಲ್ಲದೆ ಅದರ ಅರ್ಥವೇ ತಿರುಗುತ್ತದೆ. ಸುದ್ದಿ ಬಂದಾಗ ವಿಚಾರಿಸಿ ಖಚಿತಪಡಿಸಿಕೊಳ್ಳಿ ಎಂಬ ಸೂರಃ ಹುಜುರಾತ್‌ನ ಆಜ್ಞೆ ನಮಗೆ ಇಂದು ಹೆಚ್ಚು ಅನ್ವಯಿಸುತ್ತದೆ.

ಮೂರನೆಯದು, ಊರಿನ ಮಸೀದಿಯ ಸ್ಥಿತಿ. ಇದೇ ನಮ್ಮ ದೊಡ್ಡ ಕಾಳಜಿ. ಕಮಲಾಪುರ ಈಗ ತಾಲೂಕು ಕೇಂದ್ರ. 2017ರಿಂದ ಬೀದರ್–ಕಲಬುರಗಿ ರೈಲೂ ಅಲ್ಲಿ ಹಾದುಹೋಗುತ್ತದೆ. ಹಿಂದೆ ನಗರದ ಹೆಸರಾಂತ ಆಲಿಮರ ಮಾತು ಕೇಳಬೇಕಾದರೆ ಅಲ್ಲಿಂದ ಹುಮನಾಬಾದ್ ರಸ್ತೆಯ ಬಸ್ಸು ಹಿಡಿದು ಕಲಬುರಗಿಗೆ ಬರಬೇಕಿತ್ತು. ಈಗ ಬರಬೇಕಿಲ್ಲ, ಅದು ಅನುಕೂಲವೇ. ಆದರೆ ನಗರದ ದೊಡ್ಡ ಮಸೀದಿಯ ಬಯಾನ್ ಕೈಯಲ್ಲೇ ಇರುವಾಗ ಪಕ್ಕದ ಸಣ್ಣ ಮಸೀದಿಯ ಇಮಾಮರ ಸಾದಾ ಮಾತು ಹುಡುಗರಿಗೆ ಸಪ್ಪೆ ಅನಿಸುತ್ತದೆ. ಬಯಾನ್ ಮುಗಿದ ಮೇಲೆ, ಖುತ್ಬಾ ಶುರುವಾಗುವ ಹೊತ್ತಿಗೆ ಬಂದು ಕೊನೆಯ ಸಫ್‌ನಲ್ಲಿ ನಿಲ್ಲುವ ರೂಢಿ ಬೆಳೆಯುತ್ತದೆ. ನಗರದ ಆ ಮೌಲಾನಾರಿಗೆ ಕಮಲಾಪುರದ ಯಾವ ಮನೆಯಲ್ಲಿ ಕಾಯಿಲೆ ಇದೆ, ಯಾರ ಮಗಳ ಮದುವೆ ಸಾಲದಿಂದ ನಿಂತಿದೆ ಎಂದು ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಊರಿನ ಇಮಾಮರಿಗೆ. ಜನಾಝಾಕ್ಕೆ ನಿಲ್ಲುವವರೂ ಅವರೇ.

ಜುಮಾದ ಕರೆ ಬಂದಾಗ ವ್ಯಾಪಾರ ಬಿಟ್ಟು ಅಲ್ಲಾಹನ ಸ್ಮರಣೆಗೆ ಧಾವಿಸಿರಿ ಎಂಬುದು ಸೂರಃ ಜುಮುಅದ 9ನೇ ಆಯತ್‌ನ ಆಜ್ಞೆ. ಧಾವಿಸುವುದು ಎಂದರೆ ಎದ್ದು ಹೋಗುವುದು. ಪರದೆಯಲ್ಲಿ ಕಾಣುವ ಇಮಾಮರ ಹಿಂದೆ ಮನೆಯಲ್ಲಿ ನಿಂತರೆ ಜುಮಾ ನೆರವೇರುವುದಿಲ್ಲ ಎಂಬುದನ್ನು ನಮ್ಮ ಉಲಮಾಗಳು ಕೋವಿಡ್ ಕಾಲದಲ್ಲೇ ಸ್ಪಷ್ಟಪಡಿಸಿದ್ದಾರೆ. ಜುಮಾ ಕಡ್ಡಾಯವಿಲ್ಲದ ಮಹಿಳೆಯರು ಮತ್ತು ಕಾಯಿಲೆಯವರು ಬಯಾನನ್ನು ಲೈವ್‌ನಲ್ಲಿ ಕೇಳಿ, ಮನೆಯಲ್ಲಿ ಝುಹರ್ ನಮಾಜ್ ನಿರ್ವಹಿಸಬಹುದು. ಖುತ್ಬಾ ನಡೆಯುವಾಗ ಪಕ್ಕದವನಿಗೆ ‘ಸುಮ್ಮನಿರು’ ಎನ್ನುವುದನ್ನೂ ಪ್ರವಾದಿ(ಸ) ವ್ಯರ್ಥ ಮಾತೆಂದು ಎಣಿಸಿದ್ದಾರೆ. ಹಾಗಿರುವಾಗ ಮಸೀದಿಯೊಳಗೆ ಕುಳಿತು ಫೋನ್ ಎತ್ತಿ ಲೈವ್ ಮಾಡುವುದು ಹೇಗೆ ಸರಿಯಾದೀತು?

ನಾವು ಏನು ಮಾಡಬಹುದು?

ಡಿಶ್ ಮತ್ತೆ ಹಾಕಿಸಿ ಎಂದು ನಾವು ಹೇಳುವುದಿಲ್ಲ, ಫೋನ್ ಬಿಸಾಡಿ ಎಂದೂ ಹೇಳುವುದಿಲ್ಲ. 50 ವರ್ಷದ ಈ ಕಥೆಯಿಂದ ಕಲಿತದ್ದನ್ನು ಮಸೀದಿ ಕಮಿಟಿಗಳು ಮತ್ತು ಕುಟುಂಬಗಳ ಮುಂದೆ ಇಡುತ್ತೇವೆ.

ಲೈವ್ ಮಾಡುವ ಮಸೀದಿಗಳು ಬಯಾನ್ ಮುಗಿದೊಡನೆ ಪ್ರಸಾರ ನಿಲ್ಲಿಸಲಿ. ಆಗ ಮನೆಯಲ್ಲಿ ಯಾರೂ ಪರದೆಯ ಹಿಂದೆ ಸಫ್ ಕಟ್ಟುವ ಗೊಂದಲ ಇರುವುದಿಲ್ಲ. ಕ್ಯಾಮೆರಾ ಕೆಲಸಕ್ಕೆ ಒಬ್ಬರು ಸಾಕು. ಅದನ್ನು ಮೊದಲೇ ಸ್ಟ್ಯಾಂಡಿಗೆ ಕಟ್ಟಿಟ್ಟು, ಖುತ್ಬಾ ಶುರುವಾಗುವ ಮುನ್ನ ಅವರೂ ಸಫ್‌ಗೆ ಬರಲಿ.

1976ರ ಕತ್ತಲ ಪರದೆ ನೆನಪಿಡೋಣ. ಇಂದು ನಮ್ಮ ಬಯಾನ್‌ಗಳೆಲ್ಲ ಬೇರೆಯವರ ಕಂಪನಿಯ ಜಾಗದಲ್ಲಿ ಇವೆ. ಖಾತೆ ಮುಚ್ಚಿದರೆ, ಪಾಸ್‌ವರ್ಡ್ ಗೊತ್ತಿದ್ದ ಹುಡುಗ ಊರು ಬಿಟ್ಟರೆ ವರ್ಷಗಳ ಮಾತು ಒಂದೇ ದಿನದಲ್ಲಿ ಕೈತಪ್ಪುತ್ತದೆ. ಪ್ರತಿ ಬಯಾನಿನ ಒಂದು ಪ್ರತಿಯನ್ನು ಮಸೀದಿಯ ಹಾರ್ಡ್ ಡಿಸ್ಕ್‌ನಲ್ಲಿ ಇಡಿ. ಜೊತೆಗೆ ಒಂದು ರಿಜಿಸ್ಟರ್‌ನಲ್ಲಿ ತಾರೀಖು, ವಿಷಯ, ಮಾತಾಡಿದವರ ಹೆಸರು ಮತ್ತು ಹತ್ತು ಸಾಲಿನ ಸಾರಾಂಶ ಬರೆದಿಡಿ. ಬಯಾನ್ ಉರ್ದುವಿನಲ್ಲಿದ್ದರೆ ಸಾರಾಂಶ ಕನ್ನಡದಲ್ಲಿರಲಿ. ಉರ್ದು ಮಾತಾಡಲು ಬಂದರೂ ಓದಲು ಬಾರದ ನಮ್ಮ ಕನ್ನಡ ಶಾಲೆಯ ಮಕ್ಕಳಿಗೆ ಅದೇ ಆಸ್ತಿ. ಈ ಪತ್ರಿಕೆಯಲ್ಲಿ ಪ್ರತಿ ತಿಂಗಳು ಖುತ್ಬಾ ಸಾರಾಂಶಗಳನ್ನು ಅಚ್ಚು ಹಾಕುವುದರ ಉದ್ದೇಶವೂ ಅದೇ.

ಕಮಲಾಪುರದಂಥ ಊರುಗಳ ಯುವಕರಿಗೆ ಒಂದು ಮಾತು. ನಗರದ ಬಯಾನನ್ನು ರಾತ್ರಿ ಬಿಡುವಿನಲ್ಲಿ ಕೇಳಿ. ಶುಕ್ರವಾರದ ಮಧ್ಯಾಹ್ನ ನಿಮ್ಮ ಇಮಾಮರಿಗೆ ಸೇರಲಿ, ಅವರ ಮುಂದಿನ ಸಫ್‌ನಲ್ಲಿ ಕುಳಿತುಕೊಳ್ಳಿ. ಕೇಳುವವರು ಇದ್ದರೆ ಹೇಳುವವರ ಮಾತೂ ಬೆಳೆಯುತ್ತದೆ.

ಮನೆಯವರಿಗೆ ಹೇಳುವುದು ಇಷ್ಟೇ. ವಾರಕ್ಕೆ ಒಂದು ದಿನ, ಮಗ್ರಿಬ್ ಆದ ಮೇಲೆ ಅರ್ಧ ಗಂಟೆ, ಕೈಫೋನುಗಳನ್ನೆಲ್ಲ ಒಂದು ಕಡೆ ಇಟ್ಟು, ಒಂದನ್ನು ಮಾತ್ರ ಮನೆಯ ಟಿವಿಗೆ ಜೋಡಿಸಿ. ದಾದಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಒಂದೇ ಬಯಾನ್ ಕೇಳಿ. ಮುಗಿದ ಕೂಡಲೇ ಟಿವಿ ಆರಿಸಿ, ಕೇಳಿದ್ದರಲ್ಲಿ ಏನು ತಿಳಿಯಿತು ಎಂದು ಮಕ್ಕಳನ್ನು ಕೇಳಿ. ತಂತಿಬಲೆಯ ಛತ್ರಿಯ ಕಾಲದಲ್ಲಿ ನಮ್ಮ ಹಿರಿಯರಿಗೆ ಸಿಕ್ಕಿದ್ದು ದಿನದಲ್ಲಿ ಸ್ವಲ್ಪ ಹೊತ್ತಿನ ಕಾರ್ಯಕ್ರಮ, ಆದರೆ ಅದನ್ನು ಅವರು ಹಂಚಿಕೊಂಡರು. ನಮಗೆ ಹಗಲು ರಾತ್ರಿ ಸಿಗುತ್ತಿದೆ, ನಾವೂ ಹಂಚಿಕೊಳ್ಳಲು ಕಲಿಯಬೇಕು.

ಅಲ್ಲಾಹನು ನಮ್ಮ ಮನೆಗಳಲ್ಲಿ ಬರಕತ್ ನೀಡಲಿ, ನಮ್ಮ ಮಸೀದಿಗಳ ಸಫ್‌ಗಳನ್ನು ತುಂಬಿಡಲಿ. ಒಳ್ಳೆಯದನ್ನು ಕೇಳಿ ಅದರಂತೆ ನಡೆಯುವ ತೌಫೀಕ್ ದಯಪಾಲಿಸಲಿ. ಆಮೀನ್.